ಕಾರ್ಬ್ಯುರೇಟರ್ ಓಮ್ನಿಗೆ ಎಂಪಿಎಫ್ಐ ಎಂಜಿನ್: ರಿಲೇ ವೈರಿಂಗ್ ತಲೆಗೆ ಹೋಗ್ತಿಲ್ಲ, ಕೀ ತೆಗೆದರೂ ಎಂಜಿನ್ ನಿಲ್ತಿಲ್ಲ

ಹಾಸನ_ಓಮ್ನಿ

ಗಾಡಿ 1996ರ ಮಾರುತಿ ಓಮ್ನಿ, ಕಾರ್ಬ್ಯುರೇಟರ್ ಮಾಡೆಲ್. ಅದೇ 796 ಸಿಸಿ, ಮೂರು ಸಿಲಿಂಡರಿನ ಎಂಪಿಎಫ್ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಸಿಂಪಡಿಸುವ) ಎಂಜಿನ್ ಕೂರಿಸಿ ಆಗಿದೆ. ಆರ್‌ಟಿಒ ಅನುಮತಿ, ಆರ್‌ಸಿಯಲ್ಲಿ ಎಂಜಿನ್ ನಂಬರ್ ಎಲ್ಲ ಮುಗಿದಿದೆ, ಆ ಚರ್ಚೆ ಇಲ್ಲಿ ಬೇಡ. ಟ್ಯಾಂಕ್ ಒಳಗಿನ ಪಂಪ್, ಪ್ರೆಶರ್ ಪೈಪ್, ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್), ಎಂಜಿನ್ ವೈರಿಂಗ್ ಎಲ್ಲವೂ ಒಂದೇ ಗಾಡಿಯಿಂದ ಬಿಚ್ಚಿದ್ದು. ಆದರೆ ಗುಜರಿಯವರು ವೈರಿಂಗನ್ನು ಡ್ಯಾಶ್‌ಬೋರ್ಡ್ ಹತ್ತಿರ ಕತ್ತರಿಸಿ ಕೊಟ್ಟಿದ್ದಾರೆ, ರಿಲೇ ಬಾಕ್ಸ್ ಬಂದಿಲ್ಲ. ಇಸಿಎಂ ಪಿನ್‌ಗಳ ಚಿತ್ರ ಕೈಯಲ್ಲಿದೆ.

ಈಗ ಮೂರು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್-ಆಫ್ ಮಾಡುವ ಸ್ವಿಚ್) ಹಾಕಿದ್ದೀನಿ: ಮೇನ್, ಪೆಟ್ರೋಲ್ ಪಂಪ್, ಫ್ಯಾನ್. ಮೇನ್ ಮತ್ತು ಫ್ಯಾನ್‌ಗೆ 4 ಪಿನ್ನಿನವು, ಪಂಪ್‌ಗೆ 5 ಪಿನ್ನಿನದು. ತೊಂದರೆಗಳು ಹೀಗಿವೆ:

1. ಬ್ಯಾಟರಿ ಟರ್ಮಿನಲ್ ಹಾಕಿದ ಕೂಡಲೇ, ಕೀ ಹಾಕದೆಯೇ ಪಂಪ್ ಓಡುತ್ತೆ. ಪಂಪ್ ರಿಲೇಯಲ್ಲಿ 87 ಮತ್ತು ನಡುವಿನ ಪಿನ್ ಎರಡನ್ನೂ ಸೇರಿಸಿ ಪಂಪಿಗೆ ಕೊಟ್ಟಿದ್ದೀನಿ. 30ಕ್ಕೆ ಬ್ಯಾಟರಿಯಿಂದ ನೇರ.

2. ಮೇನ್ ರಿಲೇಯ 86ಕ್ಕೆ ಮೊದಲು ರೇಡಿಯೋ ಫ್ಯೂಸಿನಿಂದ ಲೈನ್ ಕೊಟ್ಟಿದ್ದೆ, 85 ಬಾಡಿ ಅರ್ತ್. ಸೆಲ್ಫ್ ಹೊಡೆದಷ್ಟು ಹೊತ್ತು ಫೈರ್ ಆಗ್ತಿರಲಿಲ್ಲ, ಕೀ ಬಿಟ್ಟ ಕ್ಷಣ ಒಮ್ಮೊಮ್ಮೆ ಹಿಡೀತಿತ್ತು.

3. ಆಮೇಲೆ ಆ 86 ವೈರನ್ನೂ ಇಸಿಎಂಗೆ ಹೋಗುವ ಇಗ್ನಿಷನ್ ವೈರನ್ನೂ ಹಳೇ ಇಗ್ನಿಷನ್ ಕಾಯಿಲ್‌ನ ಪ್ಲಸ್ ವೈರಿಗೆ ಸೇರಿಸಿದೆ. ಈಗ ಅರ್ಧ ಸೆಲ್ಫಿಗೇ ಸ್ಟಾರ್ಟ್. ಆದರೆ ಕೀ ಆಫ್ ಮಾಡಿದರೂ ಎಂಜಿನ್ ಓಡ್ತಾನೇ ಇರುತ್ತೆ! ಗೇರ್ ಹಾಕಿ ಕ್ಲಚ್ ಬಿಟ್ಟು ನಿಲ್ಲಿಸಬೇಕು. ಸ್ಲೋದಲ್ಲಿ ಒಮ್ಮೊಮ್ಮೆ ತಾನಾಗೇ ನಿಲ್ಲುತ್ತೆ, ರೇಸ್ ಇದ್ದಾಗ ನಿಲ್ಲೋದೇ ಇಲ್ಲ. ಇಗ್ನಿಷನ್ ಸ್ವಿಚ್ ಹೊಸದು, ಕೈಯಲ್ಲಿ ಹಿಡಿದು ಚೆಕ್ ಮಾಡಿದರೆ ಸರಿ ಇದೆ.

ಈ 30, 85, 86, 87 ಏನು ಅಂತ ಬುಡದಿಂದ ಯಾರಾದರೂ ಹೇಳಿ ಸರ್. ಯಾವ ರಿಲೇಗೆ ಎಲ್ಲಿಂದ ಲೈನ್ ತಗೋಬೇಕು, ಎಷ್ಟು ಫ್ಯೂಸ್, ಎಷ್ಟು ದಪ್ಪದ ವೈರ್?

ಹಳೇ ವೈರ್‌ಮ್ಯಾನ್

ಮೂರೂ ತೊಂದರೆಗೆ ಕಾರಣ ನಿಮ್ಮ ಬರಹದಲ್ಲೇ ಇದೆ. ಮೊದಲು ನಂಬರ್‌ಗಳ ವಿಷಯ.

ರಿಲೇ ಒಂದೇ ಡಬ್ಬಿಯಾದರೂ ಒಳಗೆ ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಸರ್ಕ್ಯೂಟ್ ಇರುತ್ತೆ. ತೋಟದ ಪಂಪ್‌ಸೆಟ್ ಸ್ಟಾರ್ಟರ್ ಬಿಚ್ಚಿ ನೋಡಿದ್ದರೆ ಇದೂ ಅದೇ: ಹಸಿರು ಬಟನ್ ಕಾಯಿಲ್‌ಗೆ ಮಾತ್ರ ಕರೆಂಟ್ ಕೊಡುತ್ತೆ, ಮೋಟರಿನ ಕರೆಂಟು ಬಟನ್ ಮೂಲಕ ಹೋಗೋದೇ ಇಲ್ಲ. ಗಾಡಿಯ ರಿಲೇಯಲ್ಲಿ 85 ಮತ್ತು 86 ಆ ಕಾಯಿಲ್‌ನ ಎರಡು ತುದಿ. 30 ಬ್ಯಾಟರಿ ಕಡೆಯಿಂದ ಬರುವ ದಪ್ಪ ಲೈನ್. 87 ಲೋಡಿಗೆ ಹೋಗುವ ದಪ್ಪ ಲೈನ್, ಕಾಯಿಲ್ ಎಳೆದಾಗ ಮಾತ್ರ 30ಕ್ಕೆ ಕೂಡುತ್ತೆ. 5 ಪಿನ್ನಿನದರಲ್ಲಿ ನಡುವೆ ಇರೋದು 87ಎ. ಅದು ತದ್ವಿರುದ್ಧ: ಕಾಯಿಲ್ ಸುಮ್ಮನಿದ್ದಾಗ 30ಕ್ಕೆ ಕೂಡಿರುತ್ತೆ, ಎಳೆದಾಗ ಬಿಡುತ್ತೆ.

ನಿಮ್ಮ ಮೊದಲನೇ ತೊಂದರೆ ಇಲ್ಲೇ ಮುಗೀತು. 87 ಮತ್ತು 87ಎ ಎರಡನ್ನೂ ಸೇರಿಸಿದರೆ ರಿಲೇ ಎಳೆದರೂ ಪಂಪ್ ಓಡುತ್ತೆ, ಬಿಟ್ಟರೂ ಓಡುತ್ತೆ. ನಡುವಿನ ಪಿನ್ ಖಾಲಿ ಬಿಡಿ, ಅಥವಾ 4 ಪಿನ್ ರಿಲೇ ಹಾಕಿ. ಮೋಸ ಆಗೋ ಜಾಗ ಒಂದಿದೆ. 5 ಪಿನ್ ಇರುವ ಇನ್ನೊಂದು ಜಾತಿ ರಿಲೇಯಲ್ಲಿ ನಡುವಿನ ಪಿನ್ನೂ 87ರ ಜೊತೆಯದೇ, ಎರಡೂ ಒಟ್ಟಿಗೆ ಆನ್ ಆಗುತ್ತವೆ. ಹೊರಗಿನಿಂದ ನೋಡಿದರೆ ಅಣ್ಣ-ತಮ್ಮನ ಹಾಗೆ ಒಂದೇ ಥರ. ಪಿನ್ ಪಕ್ಕದ ಅಚ್ಚು ಓದಿ, ಓದಿದ ಮೇಲೂ ಮೀಟರ್ ಇಟ್ಟು ನೋಡಿ: ಕೈಯಲ್ಲಿ ಹಿಡಿದ ರಿಲೇಯಲ್ಲಿ 30ಕ್ಕೂ ನಡುವಿನ ಪಿನ್ನಿಗೂ ಬೀಪ್ ಬಂದರೆ ಅದು 87ಎ.

ಕಾಯಿಲ್ ಕರೆಂಟ್ ಎಷ್ಟು ಅನ್ನೋದು ನಿಮ್ಮ ಮೂರನೇ ತೊಂದರೆಗೆ ಮುಖ್ಯ, ಅದನ್ನು ನೆನಪಿಟ್ಟುಕೊಳ್ಳಿ. 12 ವೋಲ್ಟಿನ ಸಾಮಾನ್ಯ ರಿಲೇಯ 85–86 ನಡುವೆ 75ರಿಂದ 100 ಓಮ್ ತೋರಿಸುತ್ತೆ. 90 ಅಂತ ಹಿಡಿದರೆ 12 ವೋಲ್ಟಿಗೆ ಕರೆಂಟ್ 0.13 ಆಂಪ್ ಚಿಲ್ಲರೆ. ಇನ್ನೊಂದು ಗುಣ: ಎಳೆಯೋಕೆ ಸುಮಾರು 7–8 ವೋಲ್ಟ್ ಬೇಕು, ಆದರೆ ಒಮ್ಮೆ ಎಳೆದ ಮೇಲೆ ವೋಲ್ಟೇಜ್ 4–5ಕ್ಕೆ ಇಳಿದರೂ ಸಲೀಸಾಗಿ ಹಿಡಿದುಕೊಂಡೇ ಇರುತ್ತೆ. ಕೆಲವು 2 ವೋಲ್ಟಿನ ತನಕವೂ ಬಿಡಲ್ಲ.

ಎರಡನೇದು. ಇಗ್ನಿಷನ್ ಸ್ವಿಚ್‌ನಲ್ಲಿ ಸೆಲ್ಫ್ ಹೊಡೆಯುವಾಗ ರೇಡಿಯೋ, ಲೈಟರ್ ಲೈನ್ ಕಟ್ ಆಗುತ್ತೆ. ಬ್ಯಾಟರಿಯ ಶಕ್ತಿ ಪೂರ್ತಿ ಸ್ಟಾರ್ಟರಿಗೆ ಸಿಗಲಿ ಅಂತ ಮಾಡಿರೋದು. ಮೇನ್ ರಿಲೇ ಆ ಲೈನಿನಲ್ಲಿದ್ದರೆ ಸೆಲ್ಫ್ ತಿರುಗುವಷ್ಟು ಹೊತ್ತು ಇಸಿಎಂಗೆ ಪ್ರಾಣವೇ ಇರಲ್ಲ. ಕೀ ಬಿಟ್ಟಾಗ ಲೈನ್ ವಾಪಸ್ ಬರುತ್ತೆ, ಎಂಜಿನ್ ಇನ್ನೂ ಒಂದೆರಡು ಸುತ್ತು ತಿರುಗ್ತಿದ್ದರೆ ಹಿಡಿಯುತ್ತೆ. ಇಗ್ನಿಷನ್ ಕಾಯಿಲ್‌ನ ಪ್ಲಸ್ ವೈರಿಗೆ ಬದಲಾಯಿಸಿದ್ದು ಸರಿ, ಯಾಕೆಂದರೆ ಅದು ಆನ್‌ನಲ್ಲೂ ಸ್ಟಾರ್ಟ್‌ನಲ್ಲೂ ಇರಲೇಬೇಕಾದ ಲೈನ್. ಮೀಟರ್ 86ಕ್ಕೆ ಇಟ್ಟು ಸೆಲ್ಫ್ ಹೊಡೆಸಿ ನೋಡಿ, 9.5 ವೋಲ್ಟಿಗಿಂತ ಕೆಳಗೆ ಹೋಗಬಾರದು.

ಮೂರನೇದಕ್ಕೆ ಒಂದು ಪರೀಕ್ಷೆ ಮಾಡಿ ಹೇಳಿ: ಎಂಜಿನ್ ಓಡುವಾಗ ಕೀ ಆಫ್ ಮಾಡಿ ಮೀಟರ್ ಬೋರ್ಡಿನ ಬ್ಯಾಟರಿ ದೀಪ ನೋಡಿ. ಮಂಕಾಗಿ ಉರೀತಾ ಇದೆಯಾ?

ಕುಡ್ಲ_ಡೀಸೆಲ್

ಮೇಲಿನವರು ಹೇಳಿದ್ದು ಸರಿ, ಆದರೆ ಮೇನ್ ರಿಲೇಯ 85ನ್ನು ಕಣ್ಣು ಮುಚ್ಚಿ ಬಾಡಿಗೆ ಕೊಡಬೇಡಿ ಮಾರಾಯ್ರೆ. ಮೊದಲು ಇಸಿಎಂ ಪಿನ್ ಚಿತ್ರದಲ್ಲಿ ಮೇನ್ ರಿಲೇಗೆ ಅಂತ ಒಂದು ಪಿನ್ ಇದೆಯಾ ನೋಡಿ. ಇದ್ದರೆ ಆ ಇಸಿಎಂ ತನ್ನ ರಿಲೇಯನ್ನು ತಾನೇ ಹಿಡಿಯುವ ಜಾತಿಯದ್ದು. ಕೀ ಆನ್ ಮಾಡಿದಾಗ ಇಗ್ನಿಷನ್ ವೈರ್ ಇಸಿಎಂಗೆ ಸುದ್ದಿ ಮುಟ್ಟಿಸ್ತದೆ, ಇಸಿಎಂ 85ನ್ನು ಅರ್ತ್ ಮಾಡ್ತದೆ. ಕೀ ಆಫ್ ಆದ ಮೇಲೂ ಕೆಲವು ಸೆಕೆಂಡ್ ಹಿಡಿದುಕೊಂಡು ಐಡಲ್ ವಾಲ್ವನ್ನು (ಸ್ಲೋ ವೇಗ ಹಿಡಿದಿಡುವ ವಾಲ್ವ್) ಅದರ ಜಾಗಕ್ಕೆ ತಂದು ಆಮೇಲೆ ಬಿಡ್ತದೆ. ಅಂಥದ್ದರಲ್ಲಿ 86ಕ್ಕೆ ಬ್ಯಾಟರಿಯ ಕಾಯಂ ಲೈನ್, 85 ಇಸಿಎಂಗೆ. ನೀವು ಕೀ ಜೊತೆಗೇ ಪವರ್ ಕತ್ತರಿಸಿದರೆ ವಾಲ್ವ್ ಎಲ್ಲೋ ಅರ್ಧದಲ್ಲಿ ನಿಲ್ತದೆ, ಮಾರನೇ ದಿನ ಸ್ಟಾರ್ಟ್ ಮಾಡಿದಾಗ ಸ್ಲೋ ಏರಿಳಿತ. ಜನ ಥ್ರಾಟಲ್ ಬಾಡಿ ತೊಳೀತಾರೆ, ಸೆನ್ಸರ್ ಬದಲಾಯಿಸ್ತಾರೆ, ಏನೂ ಗುಣ ಇಲ್ಲ.

ಆ ಪಿನ್ ಇಲ್ಲದಿದ್ದರೆ ನೀವು ಮಾಡಿದ ಹಾಗೆ 85 ಅರ್ತ್, 86 ಇಗ್ನಿಷನ್.

ಪಂಪ್ ರಿಲೇಯ ಮತ್ತು ಫ್ಯಾನ್ ರಿಲೇಯ 85 ಮಾತ್ರ ಇಸಿಎಂಗೇ ಹೋಗಬೇಕು. ಇಸಿಎಂ ಪ್ಲಸ್ ಕೊಡೋದಿಲ್ಲ, ಅರ್ತ್ ಕೊಡ್ತದೆ. ಇದು ತಲೆಯಲ್ಲಿ ಕೂರದವರು ಪಂಪ್ ಚೆಕ್ ಮಾಡುತ್ತೇವೆ ಅಂತ 85ಕ್ಕೆ ಬ್ಯಾಟರಿ ಪ್ಲಸ್ ಮುಟ್ಟಿಸ್ತಾರೆ. ಆ ಹೊತ್ತಿಗೆ ಇಸಿಎಂ ಆ ಪಿನ್ನನ್ನು ಅರ್ತ್ ಮಾಡಿದ್ದರೆ ಒಳಗಿನ ಟ್ರಾನ್ಸಿಸ್ಟರ್ ಡಮಾರ್. ಪಂಪ್ ಚೆಕ್ ಮಾಡಲಿಕ್ಕೆ ರಿಲೇ ಕಿತ್ತು, ಸಾಕೆಟ್‌ನ 30 ಮತ್ತು 87ರ ನಡುವೆ 15 ಆಂಪ್ ಫ್ಯೂಸ್ ಇರುವ ತುಂಡು ವೈರ್ ಹಾಕಿ. 85, 86ರ ತಂಟೆಗೇ ಹೋಗಬೇಡಿ. ಇಸಿಎಂ ಅರ್ತ್ ಕೊಡ್ತಾ ಇದೆಯಾ ನೋಡಲಿಕ್ಕೆ ಹಳೇ ಕಾಲದ ದೊಡ್ಡ ಬಲ್ಬಿನ ಟೆಸ್ಟ್ ಲ್ಯಾಂಪ್ ಬೇಡ, ಎಲ್‌ಇಡಿಯದ್ದು ಅಥವಾ ಮೀಟರ್ ಸಾಕು.

ಇನ್ನೊಂದು. ಪಂಪಿಗೆ ಇಗ್ನಿಷನ್‌ನಿಂದ ನೇರ ಲೈನ್ ಕೊಟ್ಟು ಕೈತೊಳೆದುಕೊಳ್ಳಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಕೀ ಆನ್ ಮಾಡಿದಾಗ ಇಸಿಎಂ ಪಂಪನ್ನು ಎರಡು ಸೆಕೆಂಡಿನಷ್ಟು ಓಡಿಸಿ ನಿಲ್ಲಿಸ್ತದೆ, ಎಂಜಿನ್ ತಿರುಗುವ ಸಿಗ್ನಲ್ ಬಂದರೆ ಮಾತ್ರ ಮತ್ತೆ ಹಾಕ್ತದೆ. ಗಾಡಿ ಗುದ್ದಿ ಎಂಜಿನ್ ನಿಂತರೆ ಪಂಪೂ ನಿಲ್ತದೆ. ಕಾರ್ಬ್ಯುರೇಟರ್ ಎಂಜಿನ್‌ನಲ್ಲಿ ಪಂಪ್ ಎಂಜಿನ್ನಿಗೇ ಕೂತಿತ್ತು, ಎಂಜಿನ್ ನಿಂತರೆ ತಾನಾಗಿ ನಿಲ್ತಿತ್ತು. ಈಗ ಆ ಕೆಲಸ ಈ ಒಂದು ರಿಲೇಯದ್ದು. ಸುಮಾರು 3 ಬಾರ್ ಒತ್ತಡದ ಪೈಪ್ ಹರಿದು ಪಂಪ್ ಓಡ್ತಾ ಇದ್ದರೆ, ಅದೂ ಸೀಟಿನ ಕೆಳಗೇ ಎಂಜಿನ್ ಇರುವ ಗಾಡಿಯಲ್ಲಿ... ಬೇರೆ ಹೇಳಬೇಕಾ?

ಹಾಸನ_ಓಮ್ನಿ

ನಡುವಿನ ಪಿನ್ ತೆಗೆದ ಮೇಲೆ ಪಂಪ್ ಸರಿಹೋಯ್ತು. ಕೀ ಆನ್ ಮಾಡಿದಾಗ ಎರಡು ಸೆಕೆಂಡ್ ಗುಂಯ್ ಅಂದು ನಿಲ್ಲುತ್ತೆ. ಪಿನ್ ಚಿತ್ರದಲ್ಲಿ ಮೇನ್ ರಿಲೇ ಅಂತ ಯಾವ ಪಿನ್ನೂ ಇಲ್ಲ.

ಬ್ಯಾಟರಿ ದೀಪ: ಹೌದು ಸರ್, ಕೀ ಆಫ್ ಮಾಡಿ ಎಂಜಿನ್ ಓಡ್ತಿರುವಾಗ ಮಂಕಾಗಿ ಉರಿಯುತ್ತೆ. ಆಗ ಮೇನ್ ರಿಲೇಯ 86ರಲ್ಲಿ ಮೀಟರ್ 6.2 ವೋಲ್ಟ್ ತೋರಿಸ್ತು. ಸ್ವಿಚ್ ಆಫ್ ಇದ್ದರೂ ಎಲ್ಲಿಂದ ಬರ್ತಿದೆ ಇದು?

ಹಳೇ ವೈರ್‌ಮ್ಯಾನ್

ಆಲ್ಟರ್ನೇಟರಿಂದ, ಅಂದರೆ ಬ್ಯಾಟರಿ ಚಾರ್ಜ್ ಮಾಡುವ ಡೈನಮೋದಿಂದ. ದಾರಿ ಹೀಗೆ: ಕೀ ಆನ್ ಇದ್ದಾಗ ಇಗ್ನಿಷನ್ ಲೈನಿನಿಂದ ಕರೆಂಟ್ ಬ್ಯಾಟರಿ ದೀಪದ ಮೂಲಕ ಹಾದು ಆಲ್ಟರ್ನೇಟರಿನ ಎಲ್ ಟರ್ಮಿನಲ್‌ಗೆ ಹೋಗುತ್ತೆ, ದೀಪ ಉರಿಯುತ್ತೆ. ಎಂಜಿನ್ ಓಡಲು ಶುರುವಾದ ಮೇಲೆ ಎಲ್ ಟರ್ಮಿನಲ್‌ನಲ್ಲೂ 14 ವೋಲ್ಟ್ ಬರುತ್ತೆ. ದೀಪದ ಎರಡೂ ಕಡೆ ಸಮ, ಆರುತ್ತೆ. ಈಗ ಕೀ ಆಫ್ ಮಾಡಿ. ಇಗ್ನಿಷನ್ ಲೈನ್ ಖಾಲಿ, ಆದರೆ ಎಲ್‌ನಲ್ಲಿ ಇನ್ನೂ 14 ವೋಲ್ಟ್. ಅದು ದೀಪದ ಮೂಲಕ ಹಿಂದಕ್ಕೆ ಹರಿದು ಇಗ್ನಿಷನ್ ಲೈನಿಗೆ ಬರುತ್ತೆ. ಅಲ್ಲಿ ಕೂತಿರೋದು ನಿಮ್ಮ ಮೇನ್ ರಿಲೇ ಕಾಯಿಲ್. 6 ವೋಲ್ಟ್ ಸಿಕ್ಕರೆ ಅದಕ್ಕೆ ಹೊಸದಾಗಿ ಎಳೆಯೋಕೆ ಆಗಲ್ಲ, ಆದರೆ ಆಗಲೇ ಎಳೆದಿದೆಯಲ್ಲ, ಹಿಡಿದುಕೊಂಡಿರೋಕೆ ಧಾರಾಳ. ಇಸಿಎಂಗೆ ಇಗ್ನಿಷನ್ ಸಿಗ್ನಲ್ಲೂ ಅದೇ ವೈರಿನಿಂದ, ಆ 6 ವೋಲ್ಟನ್ನೇ ಅದು ಕೀ ಆನ್ ಇದೆ ಅಂತ ಓದಿಕೊಳ್ತಿದೆ. ರೇಸ್‌ನಲ್ಲಿ ನಿಲ್ಲದೆ ಸ್ಲೋದಲ್ಲಿ ಒಮ್ಮೊಮ್ಮೆ ನಿಲ್ಲೋದೂ ಇದಕ್ಕೇ: ಸ್ಲೋದಲ್ಲಿ ಆಲ್ಟರ್ನೇಟರ್ ವೋಲ್ಟೇಜ್ ಸ್ವಲ್ಪ ಕುಸಿದರೆ ರಿಲೇಯೋ ಇಸಿಎಂಮ್ಮೋ ಕೈಬಿಡುತ್ತೆ.

ಹಾಗಾದರೆ ಹಳೇ ಎಂಜಿನ್ ಇದ್ದಾಗ ಯಾಕೆ ಹೀಗಾಗ್ತಿರಲಿಲ್ಲ? ದೀಪವೂ ಅದೇ, ವೈರೂ ಅದೇ. ಆಗ ಆ ಲೈನಿನ ಮೇಲೆ ಕೂತಿದ್ದದ್ದು ಇಗ್ನಿಷನ್ ಕಾಯಿಲ್, 3–4 ಆಂಪ್ ತಿನ್ನುವ ಪಾರ್ಟಿ. ಪುಟ್ಟ ದೀಪದ ಮೂಲಕ ಬರುವ 0.1–0.2 ಆಂಪ್ ಅದಕ್ಕೆ ಯಾವ ಮೂಲೆಗೂ ಸಾಲದು, ವೋಲ್ಟೇಜ್ ಸೊನ್ನೆಗೆ ಕುಸಿದು ಎಂಜಿನ್ ತಕ್ಷಣ ನಿಲ್ತಿತ್ತು. ನೀವು ಆ ದೊಡ್ಡ ಲೋಡ್ ತೆಗೆದು 0.13 ಆಂಪಿನ ಕಾಯಿಲ್ ಇಟ್ಟಿದ್ದೀರಿ. ಕಳ್ಳದಾರಿಯಲ್ಲಿ ಬರುವ ಕರೆಂಟೇ ಅದಕ್ಕೆ ಸಾಕಾಯ್ತು. ರೇಡಿಯೋ ಫ್ಯೂಸಿನಲ್ಲಿದ್ದಾಗ ಈ ತೊಂದರೆ ಕಾಣಿಸದೇ ಇದ್ದದ್ದು ಆ ಲೈನಿಗೆ ಬ್ಯಾಟರಿ ದೀಪದ ಸಂಬಂಧ ಇಲ್ಲದ್ದರಿಂದ.

ಖಾತ್ರಿ ಮಾಡಿಕೊಳ್ಳೋಕೆ: ಕೀ ಆಫ್ ಮಾಡಿಯೂ ಓಡ್ತಿರುವಾಗ ಮೀಟರ್ ಬೋರ್ಡಿನ ಹಿಂದೆ ಬ್ಯಾಟರಿ ದೀಪದ ಹೋಲ್ಡರ್ ತಿರುಗಿಸಿ ಹೊರಗೆ ಎಳೆಯಿರಿ. ಆ ಕ್ಷಣಕ್ಕೆ ಎಂಜಿನ್ ನಿಂತರೆ ಬೇರೆ ಹುಡುಕಬೇಕಿಲ್ಲ.

ಪರಿಹಾರ ಒಂದು ಡಯೋಡ್. ಎಲ್ ಟರ್ಮಿನಲ್‌ಗೆ ಹೋಗುವ ವೈರನ್ನು ಡ್ಯಾಶ್‌ಬೋರ್ಡ್ ಹತ್ತಿರ ಕತ್ತರಿಸಿ 1ಎನ್4007 ಸೇರಿಸಿ, ಬೆಳ್ಳಿ ಪಟ್ಟಿ ಇರುವ ತುದಿ ಆಲ್ಟರ್ನೇಟರ್ ಕಡೆಗೆ, ಇನ್ನೊಂದು ತುದಿ ದೀಪದ ಕಡೆಗೆ. ಆಗ ದೀಪದಿಂದ ಆಲ್ಟರ್ನೇಟರಿಗೆ ಹೋಗಬಹುದು, ವಾಪಸ್ ಬರೋಕಾಗಲ್ಲ. ಅದು 1 ಆಂಪ್ ತಡೆಯುತ್ತೆ, 3 ವ್ಯಾಟ್ ದೀಪಕ್ಕೆ ಕಾಲು ಆಂಪ್ ಸಾಕು. ಅಂಗಡಿಯಲ್ಲಿ 1ಎನ್5408 ಇದ್ದರೆ ಅದನ್ನೇ ಹಾಕಿ. ಅದು 3 ಆಂಪಿನದು, ಕಾಲುಗಳೂ ದಪ್ಪ, ಗಾಡಿಯ ಅಲುಗಾಟಕ್ಕೆ ಬೇಗ ಮುರಿಯಲ್ಲ. ಬೆಸುಗೆ ಹಾಕಿ, ಹೀಟ್ ಶ್ರಿಂಕ್ ತೊಡಿಸಿ, ಪಕ್ಕದ ವೈರ್ ಕಂತೆಗೆ ಕಟ್ಟಿ. ನೇತಾಡ್ತಾ ಬಿಟ್ಟರೆ ಬೆಸುಗೆಯ ಬುಡದಲ್ಲೇ ಕಡಿಯುತ್ತೆ. ಕಡಿದರೆ ಬ್ಯಾಟರಿ ದೀಪ ಕೀ ಆನ್‌ನಲ್ಲೂ ಉರಿಯಲ್ಲ, ಆಲ್ಟರ್ನೇಟರ್ ಚಾರ್ಜ್ ಶುರು ಮಾಡೋಕೂ ತಡ ಮಾಡುತ್ತೆ. ಡಯೋಡ್ ಉಲ್ಟಾ ಆದರೂ ಇದೇ ಲಕ್ಷಣ.

ಇದೇ ಥರ ನಿಲ್ಲದೇ ಇರೋಕೆ ಇನ್ನೊಂದು ಕಾರಣ ಇದೆ, ನಿಮ್ಮದು ಅದಲ್ಲ, ಆದರೂ ಓದುವವರಿಗೆ ಇರಲಿ. ಮೇನ್ ರಿಲೇಯ 86ಕ್ಕೆ ಅದೇ ರಿಲೇಯ 87ರಿಂದ ಎಲ್ಲೋ ಒಂದು ಕಡೆ ಲೈನ್ ಸೇರಿಬಿಟ್ಟರೆ ರಿಲೇ ತನಗೆ ತಾನೇ ಕರೆಂಟ್ ಕೊಟ್ಟುಕೊಂಡು ಕೂರುತ್ತೆ. ಇಸಿಎಂನ ಇಗ್ನಿಷನ್ ವೈರ್ ಮತ್ತು ಪವರ್ ವೈರ್ ಎರಡನ್ನೂ ಒಟ್ಟಿಗೆ ತಿರುಚಿ ಸೇರಿಸುವವರು ಹೀಗೆ ಸಿಕ್ಕಿಬೀಳ್ತಾರೆ. ವ್ಯತ್ಯಾಸ ಸುಲಭ: ಅದರಲ್ಲಿ 86ರಲ್ಲಿ 6 ಅಲ್ಲ, ಪೂರ್ತಿ 12–14 ವೋಲ್ಟ್ ಇರುತ್ತೆ. ಎಂಜಿನ್ ಹೇಗೋ ನಿಂತ ಮೇಲೂ ರಿಲೇ ಬಿಡಲ್ಲ.

ಫ್ಯೂಸ್_ಮೊದಲು

ದಪ್ಪ ವೈರ್, ಫ್ಯೂಸ್ ಲೆಕ್ಕ ಯಾರೂ ಕೊಟ್ಟಿಲ್ಲ, ನಾನು ಕೊಡ್ತೀನಿ.

ಈ ಎಂಜಿನ್‌ಗೆ ಮೇನ್ ರಿಲೇ ಹೊರುವ ಲೋಡ್: ಪಂಪ್ 5–6 ಆಂಪ್, ಇಗ್ನಿಷನ್ ಕಾಯಿಲ್ 4–5, ಮೂರು ಇಂಜೆಕ್ಟರ್, ಆಕ್ಸಿಜನ್ ಸೆನ್ಸರ್ ಹೀಟರ್, ಇಸಿಎಂ ಸೇರಿ ಇನ್ನೊಂದು 3–4. ಒಟ್ಟು 15ರ ಆಸುಪಾಸು. ಬ್ಯಾಟರಿಯಿಂದ ಮೇನ್ ರಿಲೇಯ 30ಕ್ಕೆ 4 ಸ್ಕ್ವೇರ್ ಎಂಎಂ ವೈರ್, 25 ಆಂಪ್ ಫ್ಯೂಸ್. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಲಿ. ಫ್ಯೂಸಿಗಿಂತ ಹಿಂದಿನ ವೈರ್ ಉಜ್ಜಿ ಬಾಡಿಗೆ ತಾಗಿದರೆ ಕಾಪಾಡೋಕೆ ಯಾರೂ ಇಲ್ಲ.

ಪಂಪ್ ರಿಲೇಯ 30ನ್ನು ಬ್ಯಾಟರಿಯಿಂದ ನೇರ ತಗೊಂಡಿದ್ದೀರಿ. ಕೆಲಸ ಮಾಡುತ್ತೆ, ಆದರೆ ನನ್ನ ಕೇಳಿದರೆ ಮೇನ್ ರಿಲೇಯ 87ರಿಂದ 15 ಆಂಪ್ ಫ್ಯೂಸ್ ಮೂಲಕ ಕೊಡಿ, ಪಂಪ್ ರಿಲೇಯ 86ಕ್ಕೂ ಅಲ್ಲಿಂದಲೇ. ಮುಂದೊಂದು ದಿನ ಪಂಪ್ ರಿಲೇಯ ಕಾಂಟ್ಯಾಕ್ಟ್ ಬೆಸೆದುಕೊಂಡರೂ ಕೀ ತೆಗೆದಾಗ ಪಂಪ್ ನಿಲ್ಲುತ್ತೆ. 40 ಆಂಪಿನ ರಿಲೇಗೆ 15 ಆಂಪ್ ಲೆಕ್ಕಕ್ಕಿಲ್ಲ.

ಪಂಪಿಗೆ 2.5 ಸ್ಕ್ವೇರ್ ಎಂಎಂ. ಕಾರಣ ಲೆಕ್ಕದಲ್ಲೇ ನೋಡಿ: ತಾಮ್ರದ 2.5 ವೈರಿನಲ್ಲಿ ಮೀಟರಿಗೆ 7 ಮಿಲಿ ಓಮ್. ಮೂರೂವರೆ ಮೀಟರ್ ದೂರ, 6 ಆಂಪ್, 0.15 ವೋಲ್ಟ್ ಮಾತ್ರ ನಷ್ಟ. ಅದೇ ಹಳೇ 0.75 ವೈರ್ ಸಿಕ್ತು ಅಂತ ಹಾಕಿದರೆ ಅರ್ಧ ವೋಲ್ಟ್ ಹೋಯ್ತು, ಅರ್ತ್ ವೈರೂ ಅಷ್ಟೇ ತೆಳ್ಳಗಿದ್ದರೆ ಒಂದು ವೋಲ್ಟ್. ಪಂಪ್ ಓಡುತ್ತೆ, ಸದ್ದೂ ಬರುತ್ತೆ. ಆದರೆ ಶಿರಾಡಿ ಘಾಟ್ ಹತ್ತುವಾಗ ಲೋಡ್ ಮೇಲೆ ಪ್ರೆಶರ್ ಸಾಲದೆ ಎಂಜಿನ್ ಸೋಲುತ್ತೆ, ನೀವು ಇಂಜೆಕ್ಟರ್ ಕ್ಲೀನ್ ಮಾಡಿಸೋಕೆ ದುಡ್ಡು ಸುರೀತೀರಿ. ಪಂಪಿನ ಅರ್ತ್ ಟ್ಯಾಂಕಿನ ಬೋಲ್ಟಿಗೆ ಬೇಡ, ಬಣ್ಣ ಕೆರೆದ ಬಾಡಿ ಜಾಗಕ್ಕೆ ಲಗ್ ಹಾಕಿ ಬಿಗಿ ಮಾಡಿ.

ಫ್ಯಾನ್‌ಗೆ ಬ್ಯಾಟರಿಯಿಂದ ಬೇರೆಯೇ ಲೈನ್, 2.5 ಸ್ಕ್ವೇರ್, 20 ಆಂಪ್ ಫ್ಯೂಸ್. ಓಡುವಾಗ 10ರ ಹತ್ತಿರ ಎಳೆದರೂ ಶುರುವಾಗುವ ಕ್ಷಣ ಅದರ ಎರಡು ಮೂರು ಪಟ್ಟು. 10 ಆಂಪ್ ಫ್ಯೂಸ್ ಹಾಕಿದವರು ಟ್ರಾಫಿಕ್ಕಿನಲ್ಲಿ ನಿಂತು ರೇಡಿಯೇಟರ್ ಕುದಿಸ್ತಾರೆ. ಎಲ್ಲ ರಿಲೇಗಳ ಕಾಯಿಲ್ ವೈರಿಗೆ 0.75 ಸ್ಕ್ವೇರ್ ಬೇಕಾದಷ್ಟಾಯ್ತು.

ನಾಲ್ಕನೇ ರಿಲೇ ಒಂದು ಹಾಕಿ, ಸ್ಟಾರ್ಟರಿಗೆ. ಸ್ಟಾರ್ಟರ್ ಸೊಲೆನಾಯ್ಡ್ (ಸ್ಟಾರ್ಟರಿನ ಮೇಲಿರುವ ದೊಡ್ಡ ರಿಲೇಯಂಥದ್ದು) ಎಳೆಯುವ ಕ್ಷಣಕ್ಕೆ 30 ಆಂಪ್ ದಾಟಬಹುದು. ಹಳೇ ಗಾಡಿಯಲ್ಲಿ ಅಷ್ಟೂ ಕೀ ಸ್ವಿಚ್ ಮೂಲಕ, ಮೂವತ್ತು ವರ್ಷದ ವೈರಿನಲ್ಲಿ ಹೋಗ್ತಿದೆ. ಬರೀ ಟಿಕ್ ಅಂದು ಸೆಲ್ಫ್ ತಿರುಗದೇ ಇರೋದು ಅರ್ಧ ಸಲ ಇದಕ್ಕೇ. ಸ್ವಿಚ್‌ನ ಸ್ಟಾರ್ಟ್ ವೈರ್ 86ಕ್ಕೆ, 85 ಅರ್ತ್, ಬ್ಯಾಟರಿಯಿಂದ 30 ಆಂಪ್ ಫ್ಯೂಸ್ ಮತ್ತು 4 ಸ್ಕ್ವೇರ್ ವೈರ್ 30ಕ್ಕೆ, 87 ಸ್ಟಾರ್ಟರಿನ ಸಣ್ಣ ಟರ್ಮಿನಲ್‌ಗೆ. ದಪ್ಪ ಕೇಬಲ್ ಮುಟ್ಟಬೇಡಿ, ಅದು ಬ್ಯಾಟರಿಯಿಂದ ಸ್ಟಾರ್ಟರಿಗೆ ನೇರ ಇದ್ದ ಹಾಗೇ ಇರಲಿ.

ಎಂಜಿನ್ ಅರ್ತ್ ಮರೀಬೇಡಿ. ಎಂಜಿನ್ ರಬ್ಬರ್ ಮೌಂಟಿನ ಮೇಲೆ ಕೂತಿರುತ್ತೆ, ಬಾಡಿಗೂ ಅದಕ್ಕೂ ಸಂಬಂಧ ಆ ಒಂದು ಪಟ್ಟಿಯಿಂದ. ಎಂಜಿನ್ ಇಳಿಸಿ ಏರಿಸುವಾಗ ಅದನ್ನು ಬಿಟ್ಟುಬಿಡೋದು ಮಾಮೂಲು. 16ರಿಂದ 25 ಸ್ಕ್ವೇರ್ ಎಂಎಂ ಪಟ್ಟಿ ಹಾಕಿ. ಇಲ್ಲದಿದ್ದರೆ ಸ್ಟಾರ್ಟರ್ ಕರೆಂಟ್ ಇಸಿಎಂನ ಸಣ್ಣ ಅರ್ತ್ ವೈರಿನಲ್ಲೂ ಆಕ್ಸಿಲರೇಟರ್ ಕೇಬಲ್‌ನಲ್ಲೂ ದಾರಿ ಹುಡುಕುತ್ತೆ. ಸೆಲ್ಫ್ ಹೊಡೆಯುವಾಗ ಎಂಜಿನ್ ಬ್ಲಾಕಿಗೂ ಬ್ಯಾಟರಿ ಮೈನಸ್‌ಗೂ ಮೀಟರ್ ಇಡಿ, 0.3 ವೋಲ್ಟ್ ಮೀರಿದರೆ ಅರ್ತ್ ಸರಿ ಇಲ್ಲ. ಸೆಲ್ಫ್ ಹೊತ್ತಿನಲ್ಲಿ ರಿಲೇಗಳೆಲ್ಲ ಟಕಟಕ ಅಂತ ಕುಣಿಯೋದೂ ಹೆಚ್ಚಾಗಿ ಇದರಿಂದ ಅಥವಾ ಸೋತ ಬ್ಯಾಟರಿಯಿಂದ, ರಿಲೇ ತಪ್ಪಿನಿಂದ ಅಲ್ಲ.

ಕುಡ್ಲ_ಡೀಸೆಲ್

ರಿಲೇ ಕೊಳ್ಳುವಾಗ ಎರಡು ಮಾತು.

ಒಂದು, ಪಿನ್ ಜಾಗ. ಎರಡು ಬಗೆಯ ರಿಲೇ ಮಾರುಕಟ್ಟೆಯಲ್ಲಿ ಉಂಟು, ಸೈಜೂ ಒಂದೇ, ಒಂದೇ ಸಾಕೆಟ್ಟಿಗೆ ಕೂರ್ತದೆ, ಆದರೆ 30 ಮತ್ತು 86 ಅದಲುಬದಲು. ತಪ್ಪು ಬಗೆಯದ್ದನ್ನು ಮೇನ್ ರಿಲೇ ಸಾಕೆಟ್ಟಿಗೆ ಹಾಕಿದರೆ ಗಾಡಿ ಸ್ಟಾರ್ಟ್ ಆಗ್ತದೆ, ಕೀಗೆ ಆಫೂ ಆಗ್ತದೆ, ಸಂಶಯವೇ ಬರೋದಿಲ್ಲ. ಒಳಗೆ ನಡೆಯೋದು ಬೇರೆ: ಬ್ಯಾಟರಿ ಲೈನ್ ಕಾಯಿಲ್‌ಗೆ ಹೋಗಿ ರಿಲೇ ಇಪ್ಪತ್ನಾಲ್ಕು ಗಂಟೆ ಎಳೆದೇ ಇರ್ತದೆ, ಎಂಜಿನ್ನಿನ ಪೂರ್ತಿ ಲೋಡ್ ಕೀ ಸ್ವಿಚ್‌ನ ತೆಳು ವೈರಿನಲ್ಲಿ ಹರೀತದೆ. ವೈರ್ ಬಿಸಿ, ಸ್ವಿಚ್ ಕರಗುವ ವಾಸನೆ. 0.13 ಆಂಪ್ ದಿನಪೂರ್ತಿ ಅಂದರೆ ದಿನಕ್ಕೆ 3 ಆಂಪ್ ಅವರ್ ಖರ್ಚು. 35 ಆಂಪ್ ಅವರ್ ಬ್ಯಾಟರಿ ವಾರ ನಿಲ್ಲಿಸಿದರೆ ಸೆಲ್ಫ್ ಎತ್ತುವುದಿಲ್ಲ. ಕೀ ತೆಗೆದ ಮೇಲೆ ರಿಲೇ ಮೈ ಮುಟ್ಟಿ ನೋಡಿ, ಒಂದು ಗಂಟೆ ಬಿಟ್ಟೂ ಬೆಚ್ಚಗಿದ್ದರೆ ಇದೇ ಕಥೆ.

ಎರಡು, ಒಳಗೆ ಡಯೋಡ್ ಇರುವ ರಿಲೇ. ಕಾಯಿಲ್ ಬಿಡುವಾಗ ನೂರಾರು ವೋಲ್ಟಿನ ಒಂದು ಉಲ್ಟಾ ಏಟು ಕೊಡ್ತದೆ, ಅದು ಇಸಿಎಂಗೆ ತಾಗದಿರಲಿ ಅಂತ ಡಯೋಡ್ ಇಡ್ತಾರೆ. ಒಳ್ಳೆಯದೇ. ಆದರೆ ಡಯೋಡ್ ಇದ್ದರೆ 86 ಪ್ಲಸ್, 85 ಮೈನಸ್ ಕಡ್ಡಾಯ. ಉಲ್ಟಾ ಕೊಟ್ಟರೆ ಡಯೋಡ್ ಮೂಲಕ ನೇರ ಶಾರ್ಟ್, ನಿಮ್ಮ ಅದೃಷ್ಟ ಚೆನ್ನಾಗಿದ್ದರೆ ಫ್ಯೂಸ್ ಹೋಗ್ತದೆ, ಇಲ್ಲದಿದ್ದರೆ ಇಸಿಎಂ. ಸಾದಾ ರಿಲೇಗೆ 85–86 ಹೇಗೆ ಕೊಟ್ಟರೂ ನಡೀತದೆ ಅನ್ನುವ ಅಭ್ಯಾಸದ ಕೈ ಇಲ್ಲಿ ಎಡವುತ್ತದೆ. ನನಗೆ ರೆಸಿಸ್ಟರ್ ಇರುವ ಬಗೆಯೇ ಇಷ್ಟ, ಒಳಗೆ ಕಾಯಿಲ್‌ಗೆ ಅಡ್ಡಲಾಗಿ 680 ಓಮ್‌ನ ಆಸುಪಾಸಿನದ್ದು ಇರ್ತದೆ, ದಿಕ್ಕಿನ ತಲೆನೋವಿಲ್ಲ, ಕಾಂಟ್ಯಾಕ್ಟೂ ಬೇಗ ಬಿಡ್ತದೆ. ಡಬ್ಬಿ ಮೇಲಿನ ಚಿತ್ರ ನೋಡಿದರೆ ಗೊತ್ತಾಗ್ತದೆ: ಕಾಯಿಲ್‌ಗೆ ಅಡ್ಡಲಾಗಿ ಬಾಣದ ಗುರುತು ಇದ್ದರೆ ಡಯೋಡ್, ಬರೀ ಆಯತ ಇದ್ದರೆ ರೆಸಿಸ್ಟರ್.

ಹಳೇ ವೈರ್‌ಮ್ಯಾನ್

ರೆಸಿಸ್ಟರ್ ಬಗೆಗೆ ನನ್ನದೂ ಓಟು. ಎಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ಬರುವ ದಾರಿ ಹಳೇ ವೈರಿಂಗಿನಲ್ಲಿ ಹಾಗೇ ಇದೆ ಅಂತ ತಿಳ್ಕೊಂಡಿದ್ದೀನಿ. ಹೊಸ ಎಂಜಿನ್ ಜೊತೆ ದೊಡ್ಡ ಆಲ್ಟರ್ನೇಟರ್ ಬಂದಿದ್ದರೆ ಆ ವೈರನ್ನೂ ಒಮ್ಮೆ ನೋಡಿ.

ಟಿಕ್ ಅಂದರೆ ರಿಲೇ ಸರಿ ಅಂತ ತೀರ್ಮಾನ ಮಾಡಬೇಡಿ. ಟಿಕ್ ಅನ್ನೋದು ಕಾಯಿಲ್, ಕಾಂಟ್ಯಾಕ್ಟ್ ಸುಟ್ಟಿದ್ದರೂ ಟಿಕ್ ಅನ್ನುತ್ತೆ. ಲೋಡ್ ಓಡ್ತಿರುವಾಗಲೇ ಮೀಟರಿನ ಎರಡು ಮೊನೆಯನ್ನು 30 ಮತ್ತು 87ಕ್ಕೆ ಇಡಿ. 0.1 ವೋಲ್ಟ್ ಒಳಗಿದ್ದರೆ ಚೆನ್ನಾಗಿದೆ, 0.3 ಬಂದರೆ ರಿಲೇಯನ್ನೋ ಸಾಕೆಟ್ಟಿನ ಸಡಿಲ ಕ್ಲಿಪ್ಪನ್ನೋ ಬದಲಾಯಿಸಿ. ಓಮ್ ಮೀಟರಿನಲ್ಲಿ ಈ ದೋಷ ಕಾಣಲ್ಲ, ಅದು ಹರಿಸುವ ಕರೆಂಟ್ ತೀರಾ ಕಮ್ಮಿ.

ರಿಲೇಗಳನ್ನು ಸೀಟಿನ ಕೆಳಗೆ ಎಂಜಿನ್ ಪಕ್ಕ ಇಡಬೇಡಿ, ಶಾಖಕ್ಕೆ ಕಾಯಿಲ್ ರೆಸಿಸ್ಟೆನ್ಸ್ ಏರಿ ಎಳೆಯೋಕೆ ಇನ್ನೂ ಹೆಚ್ಚು ವೋಲ್ಟ್ ಕೇಳುತ್ತೆ. ಮಧ್ಯಾಹ್ನ ಬಿಸಿ ಎಂಜಿನ್‌ಗೆ ಮಾತ್ರ ಸ್ಟಾರ್ಟ್ ಆಗದ ಗಾಡಿಗಳಲ್ಲಿ ಇದನ್ನೂ ನೋಡಬೇಕು. ಡ್ಯಾಶ್‌ಬೋರ್ಡ್ ಕೆಳಗೆ, ಪಿನ್‌ಗಳು ಕೆಳಮುಖವಾಗಿ. ಮಳೆಗಾಲದಲ್ಲಿ ನೀರು ವೈರ್ ಹಿಡಿದು ಇಳಿದು ಬಂದರೂ ಸಾಕೆಟ್ಟಿನಲ್ಲಿ ನಿಲ್ಲಲ್ಲ. ಪ್ರತಿ ವೈರಿಗೂ ರಿಲೇ ಹೆಸರು ಮತ್ತು ಪಿನ್ ನಂಬರ್ ಬರೆದ ಟೇಪ್ ಸುತ್ತಿ. ಹಳೇ ಗಾಡಿಯ ಬಣ್ಣ, ಹೊಸ ವೈರಿಂಗಿನ ಬಣ್ಣ ಒಂದೇ ಆಗಿದ್ದರೂ ಕೆಲಸ ಒಂದೇ ಅಂತ ನಂಬಬೇಡಿ.

ಹಾಸನ_ಓಮ್ನಿ

ಬ್ಯಾಟರಿ ದೀಪದ ಹೋಲ್ಡರ್ ಎಳೆದ ಕ್ಷಣ ಎಂಜಿನ್ ನಿಂತಿತು. 1ಎನ್5408 ಹಾಕಿದ ಮೇಲೆ ಕೀ ಆಫ್, ಎಂಜಿನ್ ಆಫ್, ರೇಸ್‌ನಲ್ಲೂ. 86ರಲ್ಲಿ ಈಗ ಸೊನ್ನೆ. ಪಂಪಿನ 30, 86 ಎರಡನ್ನೂ ಮೇನ್ ರಿಲೇ 87ಕ್ಕೆ ಬದಲಾಯಿಸಿದ್ದೀನಿ.

ಒಂದು ಸಂಶಯ ಉಳಿದಿದೆ: ಸ್ಟಾರ್ಟ್ ಆದ ಮೇಲೆ ಬ್ಯಾಟರಿ ದೀಪ ತಕ್ಷಣ ಆರಲ್ಲ, ಸ್ವಲ್ಪ ರೇಸ್ ಕೊಟ್ಟರೆ ಆರುತ್ತೆ, ಆಮೇಲೆ ಚಾರ್ಜಿಂಗ್ 14.1. ಮುಂಚೆ ಹೀಗಿರಲಿಲ್ಲ.

ಹಳೇ ವೈರ್‌ಮ್ಯಾನ್

ಡಯೋಡ್ 0.7 ವೋಲ್ಟ್ ತಿನ್ನುತ್ತೆ, ಆಲ್ಟರ್ನೇಟರಿನ ಫೀಲ್ಡ್ (ಒಳಗಿನ ವಿದ್ಯುತ್ ಅಯಸ್ಕಾಂತ) ಎಬ್ಬಿಸುವ ಕರೆಂಟ್ ಅಷ್ಟು ಕಮ್ಮಿ ಆಯ್ತು. ಬೋರ್ಡಿನಲ್ಲಿ 1.4 ವ್ಯಾಟಿನ ದೀಪ ಇದ್ದರೆ 3 ವ್ಯಾಟಿನದು ಹಾಕಿ ನೋಡಿ, ಯಾರಾದರೂ ಎಲ್‌ಇಡಿ ಹಾಕಿಟ್ಟಿದ್ದರೆ ಮೊದಲು ಅದನ್ನು ತೆಗೆಯಿರಿ. ಅಷ್ಟಕ್ಕೂ ಸರಿಹೋಗದಿದ್ದರೆ ದೀಪಕ್ಕೆ ಸಮಾನಾಂತರವಾಗಿ 100 ಓಮ್, 5 ವ್ಯಾಟ್ ರೆಸಿಸ್ಟರ್ ಒಂದನ್ನು ಸೇರಿಸಿ. ಡಯೋಡ್ ಆ ಎರಡರ ಮತ್ತು ಆಲ್ಟರ್ನೇಟರಿನ ನಡುವೆಯೇ ಇರಬೇಕು, ಇಲ್ಲದಿದ್ದರೆ ರೆಸಿಸ್ಟರ್ ಮೂಲಕ ಅದೇ ಕಳ್ಳದಾರಿ ಮತ್ತೆ ತೆರೆಯುತ್ತೆ.